ಅರಸೀಕೆರೆಯ ಡೇರೆಯಿಂದ ಮಾಯಾಲೋಕಕ್ಕೆ: ‘ಜಾನಪದ ಬ್ರಹ್ಮ’ ಬಿ. ವಿಠಲಾಚಾರ್ಯ

ಮಂತ್ರವಾದಿ ಕೈಯೆತ್ತಿದೊಡನೆ ಮನುಷ್ಯ ಪ್ರಾಣಿಯಾಗುವ, ಸತ್ತವರು ಎದ್ದು ನಡೆಯುವ, ದೆವ್ವಗಳು ಹಾಡಿ ಕುಣಿಯುವ ಚಿತ್ರಗಳನ್ನು ಕಂಡು ಬೆಳೆದ ತಲೆಮಾರಿಗೆ ಬಿ. ವಿಠಲಾಚಾರ್ಯರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ತೆಲುಗು ಚಿತ್ರರಂಗ ಅವರಿಗೆ ‘ಜಾನಪದ ಬ್ರಹ್ಮ’ ಎಂಬ ಬಿರುದನ್ನಿತ್ತು ಗೌರವಿಸಿತು. ಅದೇ ತೆಲುಗು ಜನರ ಆಡುಮಾತಿನಲ್ಲಿ, ನಂಬಲಸಾಧ್ಯವಾದುದನ್ನು ಕಂಡಾಗ ಇದೇನು ವಿಠಲಾಚಾರ್ಯರ ಸಿನಿಮಾವೇ ಎಂದು ಹಾಸ್ಯ ಮಾಡುವ ವಾಡಿಕೆಯೂ ಬೆಳೆಯಿತು. ಒಬ್ಬನೇ ವ್ಯಕ್ತಿಯ ಹೆಸರು ಒಂದು ವರ್ಗದ ಪ್ರೇಕ್ಷಕರಿಗೆ ಹೆಮ್ಮೆಯೂ ಇನ್ನೊಂದು ವರ್ಗಕ್ಕೆ ಕುಚೋದ್ಯವೂ ಆದದ್ದು ಭಾರತೀಯ ಚಿತ್ರರಂಗದಲ್ಲಿ ಅಪರೂಪವೇ ಸರಿ.

ಈ ಮಾಯಾ ಚಿತ್ರಗಳ ನಿರ್ಮಾಪಕ ಹಾಗೂ ನಿರ್ದೇಶಕ ಕನ್ನಡಿಗರೆಂಬುದು ಬಲ್ಲವರಿಗೆ ತಿಳಿದಿದೆ. ಆದರೆ ಅವರು ಚಿತ್ರಕಲೆಯ ಮೊದಲ ಪಾಠಗಳನ್ನು ಕಲಿತದ್ದು ಮದರಾಸಿನ ಸ್ಟುಡಿಯೋಗಳಲ್ಲಿ ಅಲ್ಲ, ಹಾಸನ ಜಿಲ್ಲೆಯ ಟೂರಿಂಗ್ ಟಾಕೀಸುಗಳ ಡೇರೆಗಳಲ್ಲಿ ಎಂಬ ಸಂಗತಿ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಅವರ ಚಿತ್ರಗಳ ಬಗೆಗಿನ ಹೊಗಳಿಕೆ ಮತ್ತು ತೆಗಳಿಕೆ ಎರಡರ ಬೇರೂ ಆ ಡೇರೆಗಳಲ್ಲಿಯೇ ಇದೆ.

ಉದ್ಯಾವರದ ಬಾಲಕ

ವಿಠಲಾಚಾರ್ಯರು ಜನಿಸಿದ್ದು 1920ರ ಜನವರಿಯಲ್ಲಿ, ಉಡುಪಿಯ ಸಮೀಪದ ಉದ್ಯಾವರದಲ್ಲಿ. ತಂದೆ ಪದ್ಮನಾಭಾಚಾರ್ಯರು ಹೆಸರಾಂತ ಆಯುರ್ವೇದ ವೈದ್ಯರು. ರೋಗಿಗಳಿಗೆ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದವರೆಂದು ಅವರಿಗೆ ಖ್ಯಾತಿಯಿತ್ತು. ಇಂಥ ಮನೆಯಲ್ಲಿ ಗೌರವಕ್ಕೆ ಕೊರತೆಯಿರಲಿಲ್ಲವಾದರೂ ಸಂಪತ್ತು ಕೂಡಿಬರಲಿಲ್ಲ. ಏಳನೆಯ ಮಗುವಾಗಿ ಹುಟ್ಟಿದ ವಿಠಲನ ವಿದ್ಯಾಭ್ಯಾಸ ಮೂರನೆಯ ತರಗತಿಗೇ ನಿಂತಿತು.

ಶಾಲೆ ಕೈಬಿಟ್ಟರೂ ಬಯಲಾಟ ಕೈಬಿಡಲಿಲ್ಲ. ಗದ್ದೆಯ ಕೊಯ್ಲು ಮುಗಿದ ಮೇಲೆ ಕರಾವಳಿಯ ಊರೂರುಗಳಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಗಳು ಬಾಲಕನನ್ನು ಆಕರ್ಷಿಸಿದವು. ದೊಂದಿಯ ಬೆಳಕಿನಲ್ಲಿ ರಾಕ್ಷಸ ಅಬ್ಬರಿಸುತ್ತ ರಂಗಸ್ಥಳಕ್ಕೆ ಬರುವುದು, ದೇವಿ ಪ್ರತ್ಯಕ್ಷಳಾಗುವುದು, ಹಾಸ್ಯಗಾರ ನಡುವೆ ಬಂದು ಭಯವನ್ನು ತಿಳಿಗೊಳಿಸುವುದು, ಎಲ್ಲವನ್ನೂ ಭಾಗವತರ ಹಾಡು ಬೆಸೆಯುವುದು - ಇವು ಬಯಲಾಟದ ಲಕ್ಷಣಗಳು. ಮುಂದೆ ಅವರು ತೆಗೆದ ಚಿತ್ರಗಳನ್ನು ನೋಡಿದವರಿಗೆ ಇದೇ ಕ್ರಮ, ಇದೇ ಮಿಶ್ರಣ ಅಲ್ಲಿಯೂ ಕಾಣುತ್ತದೆ.

ಒಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟ ಬಾಲಕ ಘಟ್ಟ ಹತ್ತಿ ಅರಸೀಕೆರೆಗೆ ಬಂದ. ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗಕ್ಕೆ ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಬರುವ ಮಾರ್ಗ ಕೂಡುವ ಜಂಕ್ಷನ್ ಅದು. ಹೋಗಿ ಬರುವವರ ದಟ್ಟಣೆಯಿರುವ ಊರಿನಲ್ಲಿ ದುಡಿಯುವ ಕೈಗಳಿಗೆ ಒಂದಿಷ್ಟು ಕೆಲಸ ಸಿಗುತ್ತಿತ್ತು. ಕರಾವಳಿಯಿಂದ ಘಟ್ಟದ ಮೇಲಕ್ಕೆ ಬಂದ ಅಸಂಖ್ಯ ಹುಡುಗರಂತೆ ವಿಠಲನೂ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಬದುಕು ಕಟ್ಟಿಕೊಂಡ. ಕಾಲಕ್ರಮದಲ್ಲಿ ತಮ್ಮ ಬಂಧುವೊಬ್ಬರಿಂದ ಉಡುಪಿ ಹೋಟೆಲೊಂದನ್ನು ಕೊಂಡು ಯಶಸ್ವಿಯಾಗಿ ನಡೆಸಿದರು. ಬೆಳಗಿನ ಖರ್ಚನ್ನು ಸಂಜೆಯ ಗಲ್ಲಾದೊಡನೆ ತಾಳೆ ನೋಡುವ ಹೋಟೆಲಿನವರ ಶಿಸ್ತು ಅವರಿಗೆ ಅಲ್ಲಿ ಮೈಗೂಡಿತು.

1942ರ ಕ್ವಿಟ್ ಇಂಡಿಯಾ ಚಳವಳಿಯ ಕರೆ ಅರಸೀಕೆರೆಯನ್ನೂ ತಲುಪಿತು. ಗೆಳೆಯರೊಂದಿಗೆ ಚಳವಳಿಗೆ ಧುಮುಕಿದ ವಿಠಲಾಚಾರ್ಯರು ಬಂಧನಕ್ಕೊಳಗಾದರು. ಬಿಡುಗಡೆಯಾಗಿ ಬಂದ ಮೇಲೆ ಅವರ ಮನಸ್ಸು ಹೋಟೆಲಿನಲ್ಲಿ ನಿಲ್ಲಲಿಲ್ಲ. ಅದನ್ನು ತಮ್ಮನಿಗೆ ಒಪ್ಪಿಸಿ, ಡಿ. ಶಂಕರ್‌ಸಿಂಗ್ ಮೊದಲಾದ ಮಿತ್ರರ ಜೊತೆಗೂಡಿ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಆರಂಭಿಸಿದರು. ಒಂದಾಗಿ ಶುರುವಾದದ್ದು ನಾಲ್ಕಾಯಿತು. ಅವುಗಳ ಉಸ್ತುವಾರಿ ವಿಠಲಾಚಾರ್ಯರ ಪಾಲಿಗೆ ಬಂತು.

ಡೇರೆಯೆಂಬ ಪಾಠಶಾಲೆ

ಟೂರಿಂಗ್ ಟಾಕೀಸ್ ಎಂದರೆ ಏನೆಂಬುದನ್ನು ಇಂದಿನ ಮಲ್ಟಿಪ್ಲೆಕ್ಸ್ ಪ್ರೇಕ್ಷಕರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಊರಾಚೆಯ ಮೈದಾನದಲ್ಲಿ ಕಂಬ ನೆಟ್ಟು, ಮೇಲೆ ಕ್ಯಾನ್ವಾಸ್ ಹೊದಿಸಿ, ಒಂದು ತುದಿಗೆ ಬಿಳಿಯ ಪರದೆ ಕಟ್ಟಿದರೆ ಚಿತ್ರಮಂದಿರ ಸಿದ್ಧ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನೆಲದ ಟಿಕೆಟ್ಟಿನವರೇ ಹೆಚ್ಚು. ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕ ಜಾಗ. ಒಂದೇ ಪ್ರೊಜೆಕ್ಟರ್ ಇರುವಲ್ಲಿ ರೀಲು ಬದಲಿಸುವಾಗಲೆಲ್ಲ ಕಥೆ ನಿಲ್ಲುತ್ತಿತ್ತು. ಪರವಾನಗಿಯ ಅವಧಿ ಮುಗಿದೊಡನೆ ಡೇರೆ ಬಿಚ್ಚಿ, ಗಾಡಿಗೆ ಹೇರಿ ಮುಂದಿನ ಊರಿಗೆ ಪ್ರಯಾಣ.

ಹಾಸನದಂಥ ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಆ ಸೀಮೆಯ ಜನರಿಗೆ ಸಿನಿಮಾ ತಲುಪುವುದಕ್ಕೆ ಇದ್ದ ದಾರಿ ಇದೊಂದೇ ಎನ್ನಬಹುದು. ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ರೈಲಿನ ಸೌಕರ್ಯವಾದರೂ ಇತ್ತು. ಹೇಮಾವತಿಗೂ ಕಾವೇರಿಗೂ ನಡುವೆ ಇರುವ ಅರಕಲಗೂಡು ಸೀಮೆಗಾಗಲಿ ಅಂದಿನ ಚನ್ನರಾಯಪಟ್ಟಣಕ್ಕಾಗಲಿ ಅದೂ ಇರಲಿಲ್ಲ. ಸುತ್ತಮುತ್ತಲ ಹಳ್ಳಿಗಳ ಜನ ಸಂತೆ, ಜಾತ್ರೆಗಳಿಗೆ ಬರುವಂತೆಯೇ ಗಾಡಿ ಕಟ್ಟಿಕೊಂಡು ಡೇರೆಯ ಸಿನಿಮಾಕ್ಕೂ ಬರುತ್ತಿದ್ದ ಕಾಲವದು.

ಈ ಪ್ರೇಕ್ಷಕರು ಸಿನಿಮಾಕ್ಕೆ ಹೊಸಬರಾಗಿದ್ದರೇ ಹೊರತು ಕಥೆಗೆ ಹೊಸಬರಾಗಿರಲಿಲ್ಲ. ಮೂಡಲಪಾಯದ ಬಯಲಾಟಗಳಲ್ಲಿ ರಾಜ, ರಕ್ಕಸ, ಮಾರುವೇಷಗಳನ್ನು ಅವರು ಕಂಡಿದ್ದರು. ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ಬಣ್ಣದ ಚರ್ಮದ ಗೊಂಬೆಗಳು ಹಾರುವುದನ್ನೂ ಹೋರಾಡುವುದನ್ನೂ ಹಾಡಿನೊಡನೆ ನೋಡಿದ್ದರು. ಚಿತ್ರಿಸಿದ ರೂಪಗಳಿಗೆ ಚಲನೆ ಕೊಟ್ಟು, ಸಂಗೀತ ಕೂಡಿಸಿ ಅದ್ಭುತ ಕಥೆಯನ್ನು ಹೇಳುವ ಕಲೆಯನ್ನು ಜಗತ್ತು ಮುಂದೆ ಅನಿಮೇಷನ್ ಎಂದು ಕರೆಯಿತು. ಅದರ ಹಿರಿಯ ಬಂಧುವೊಂದು ಈ ಹಳ್ಳಿಗಳಲ್ಲಿ ಮೊದಲೇ ನೆಲೆಸಿತ್ತು.

ವಿಠಲಾಚಾರ್ಯರು ತಮ್ಮ ಡೇರೆಗಳಿಗೆ ಬಂದ ಪ್ರತಿಯೊಂದು ಚಿತ್ರವನ್ನೂ ನೋಡಿದರು. ಒಂದೇ ಚಿತ್ರವನ್ನು ಹಲವು ಊರುಗಳಲ್ಲಿ ತೋರಿಸುವ ಪ್ರದರ್ಶಕನಿಗೆ ಯಾವ ದೃಶ್ಯದಲ್ಲಿ ನೆಲದವರು ಉಸಿರು ಬಿಗಿಹಿಡಿಯುತ್ತಾರೆ, ಎಲ್ಲಿ ಬೀಡಿ ಸೇದಲು ಎದ್ದು ಹೋಗುತ್ತಾರೆ, ಯಾವ ಹಾಡಿಗಾಗಿ ಮರುದಿನವೂ ಬರುತ್ತಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಮೂರನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರಿಗೆ ಬೇರೆ ಚಲನಚಿತ್ರ ಶಾಲೆ ದೊರೆಯಲಿಲ್ಲ. ಈ ಶಾಲೆಯ ಒಂದು ಮಿತಿಯನ್ನೂ ಗಮನಿಸಬೇಕು. ಅಲ್ಲಿ ಕಲಿತವನು ಪ್ರೇಕ್ಷಕನಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಅರಿಯುತ್ತಾನೆ. ಏನು ಬೇಕಾಗಬೇಕು ಎಂಬ ಪ್ರಶ್ನೆ ಅಲ್ಲಿನ ಪಠ್ಯದಲ್ಲಿ ಇರುವುದಿಲ್ಲ.

ಮಹಾತ್ಮ ಪಿಕ್ಚರ್ಸ್ ಮತ್ತು ‘ಜಗನ್ಮೋಹಿನಿ’ಯ ವಿವಾದ

1944ರಲ್ಲಿ ಜಯಲಕ್ಷ್ಮಿಯವರನ್ನು ವರಿಸಿದ ವಿಠಲಾಚಾರ್ಯರು ಮೈಸೂರಿಗೆ ಬಂದು, ಶಂಕರ್‌ಸಿಂಗ್ ಮತ್ತಿತರ ಮಿತ್ರರೊಡನೆ ‘ಮಹಾತ್ಮ ಪಿಕ್ಚರ್ಸ್’ ಸಂಸ್ಥೆಯನ್ನು ಕಟ್ಟಿದರು. ಕನ್ನಡ ವಾಕ್ಚಿತ್ರಕ್ಕೆ ಆಗಿನ್ನೂ ಹತ್ತು ವರ್ಷದ ಪ್ರಾಯ. ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು ಬರುತ್ತಿದ್ದ ಆ ದಿನಗಳಲ್ಲಿ ಮೈಸೂರಿನಲ್ಲಿಯೇ ನೆಲೆ ನಿಂತು ಒಂದರ ಹಿಂದೊಂದು ಚಿತ್ರ ತಯಾರಿಸಿದ ಕೀರ್ತಿ ಈ ಸಂಸ್ಥೆಗೆ ಸಲ್ಲುತ್ತದೆ. 1947ರ ‘ಕೃಷ್ಣಲೀಲಾ’ದ ನಂತರ 1949ರಲ್ಲಿ ಬಂದ ‘ನಾಗಕನ್ನಿಕಾ’ ಜನಪ್ರಿಯವಾಯಿತು. ಪುರಾಣಕ್ಕೂ ಸಂಸಾರದ ಕಥೆಗೂ ಸೇರದ, ಅಜ್ಜಿಯ ಕಥೆಯಂಥ ಚಿತ್ರಕ್ಕೆ ಕನ್ನಡದಲ್ಲಿ ಮಾರುಕಟ್ಟೆಯಿದೆಯೆಂಬುದು ಅದರಿಂದ ಸ್ಥಿರಪಟ್ಟಿತು.

1951ರಲ್ಲಿ ಶಂಕರ್‌ಸಿಂಗ್ ನಿರ್ದೇಶನದಲ್ಲಿ ‘ಜಗನ್ಮೋಹಿನಿ’ ತೆರೆಕಂಡಿತು. ನಟಿ ಹರಿಣಿ ಇದರಲ್ಲಿ ಈಜುಡುಗೆಯಲ್ಲಿ ಕಾಣಿಸಿಕೊಂಡದ್ದು ಕನ್ನಡ ಚಿತ್ರರಂಗದಲ್ಲಿ ಹೊಸ ಸಂಗತಿಯಾಗಿ ದೊಡ್ಡ ಚರ್ಚೆಗೆ ಎಡೆಮಾಡಿತು. ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. ಮತ್ತೊಂದೆಡೆ ಚಿತ್ರಮಂದಿರಗಳು ತುಂಬಿ ತುಳುಕಿದವು. ಒಂದೇ ಚಿತ್ರಮಂದಿರದಲ್ಲಿ ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂಬ ದಾಖಲೆಯೂ ಇದರ ಹೆಸರಿನಲ್ಲಿದೆ. ವಿಠಲಾಚಾರ್ಯರನ್ನು ಜೀವನಪರ್ಯಂತ ಹಿಂಬಾಲಿಸಿದ ಭಿನ್ನಾಭಿಪ್ರಾಯದ ಮೊದಲ ರೂಪ ಇಲ್ಲಿಯೇ ಕಾಣುತ್ತದೆ. ಹಣ ಕೊಟ್ಟು ನೋಡಿದವರ ತೀರ್ಪು ಒಂದು, ನೋಡಬಾರದೆಂದವರ ತೀರ್ಪು ಇನ್ನೊಂದು.

ಮರುವರ್ಷ, 1952ರಲ್ಲಿ, ವಿಠಲಾಚಾರ್ಯರೇ ನಿರ್ದೇಶಿಸಿದ ‘ಶ್ರೀ ಶ್ರೀನಿವಾಸ ಕಲ್ಯಾಣ’ ಬಂತು. ಈ ಚಿತ್ರವನ್ನು ಕನ್ನಡಿಗರು ನೆನೆಯಲು ಬೇರೊಂದು ಕಾರಣವೂ ಇದೆ. ಇದರಲ್ಲಿ ಸಪ್ತರ್ಷಿಗಳ ಪೈಕಿ ಒಬ್ಬರಾಗಿ ಕೆಲವೇ ಕ್ಷಣ ತೆರೆಯ ಮೇಲೆ ಕಾಣಿಸಿಕೊಂಡ ತರುಣನೇ ಎರಡು ವರ್ಷಗಳ ಅನಂತರ ‘ಬೇಡರ ಕಣ್ಣಪ್ಪ’ನಾಗಿ ನಾಡಿನ ಮನೆಮಾತಾದ ಡಾ. ರಾಜ್‌ಕುಮಾರ್. ಮೈಸೂರಿನ ಸಹೋದರರಾದ ರಾಜನ್-ನಾಗೇಂದ್ರ ಸಂಗೀತ ನಿರ್ದೇಶಕರಾಗಿ ಪರಿಚಯವಾದದ್ದು 1953ರ ‘ಸೌಭಾಗ್ಯಲಕ್ಷ್ಮಿ’ಯ ಮೂಲಕ. ಅದಕ್ಕೂ ವಿಠಲಾಚಾರ್ಯರೇ ಆಸರೆ. ಮುಂದೆ ಹಲವು ದಶಕ ಕನ್ನಡದ ಕಿವಿಗಳನ್ನು ತಣಿಸಿದ ಈ ಜೋಡಿ ಆಚಾರ್ಯರ ತೆಲುಗು ಚಿತ್ರಗಳಿಗೂ ರಾಗ ಹಾಕಿತು.

ಸಂಸಾರದ ಕಥೆಗಳೂ ಮದರಾಸಿನ ಹಾದಿಯೂ

ಪಾಲುದಾರರು ಒಬ್ಬೊಬ್ಬರಾಗಿ ದೂರವಾದ ಮೇಲೆ ವಿಠಲಾಚಾರ್ಯರು 1953ರಲ್ಲಿ ‘ವಿಠಲ್ ಪ್ರೊಡಕ್ಷನ್ಸ್’ ಎಂಬ ತಮ್ಮದೇ ಸಂಸ್ಥೆ ಸ್ಥಾಪಿಸಿದರು. ‘ರಾಜ್ಯಲಕ್ಷ್ಮಿ’ ಅದರ ಮೊದಲ ಕಾಣಿಕೆ. ಮಂತ್ರ ಮಾಯೆಗಳ ನಿರ್ದೇಶಕನೆಂದು ಮಾತ್ರ ಅವರನ್ನು ಬಲ್ಲವರಿಗೆ ಇಲ್ಲೊಂದು ಅಚ್ಚರಿ ಕಾದಿದೆ. ಆ ವರ್ಷಗಳಲ್ಲಿ ಅವರ ಕೈಯಿಂದ ಬಂದ ‘ಕನ್ಯಾದಾನ’, ‘ಮುತ್ತೈದೆ ಭಾಗ್ಯ’, ‘ಮನೆ ತುಂಬಿದ ಹೆಣ್ಣು’ ಚಿತ್ರಗಳು ಹೆಸರೇ ಹೇಳುವಂತೆ ಸಂಸಾರದ, ಸಮಾಜ ಸುಧಾರಣೆಯ ಚಿತ್ರಗಳು. ಚಳವಳಿಯಲ್ಲಿ ಸೆರೆಯಾಗಿ ಬಂದ ತರುಣನೊಬ್ಬ ಗಾಂಧೀ ಯುಗದ ಆಶಯಗಳನ್ನು ತೆರೆಗೆ ತಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಅವರನ್ನು ಕನ್ನಡದಿಂದ ತೆಲುಗಿಗೆ ಕೊಂಡೊಯ್ದದ್ದು ಮಾಯಾ ಚಿತ್ರವಲ್ಲ, ಇಂಥದೇ ಒಂದು ಸಾಮಾಜಿಕ ಚಿತ್ರ. 1955ರಲ್ಲಿ ಬಂದ ‘ಕನ್ಯಾದಾನ’ದ ತೆಲುಗು ರೂಪ ಗೆದ್ದಿತು. ಕನ್ನಡ ಮಾರುಕಟ್ಟೆ ಆಗ ಬಹು ಕಿರಿದು. ಮೈಸೂರು ಸಂಸ್ಥಾನದ ಗಡಿ ದಾಟಿದರೆ ಕನ್ನಡ ಚಿತ್ರಗಳಿಗೆ ಚಿತ್ರಮಂದಿರಗಳು ಸಿಗುವುದೇ ದುಸ್ತರವಾಗಿತ್ತು. ತೆಲುಗು ಸೀಮೆ ವಿಶಾಲವಾಗಿತ್ತು, ಸ್ಟುಡಿಯೋಗಳೆಲ್ಲ ಮದರಾಸಿನಲ್ಲಿದ್ದವು. ವ್ಯವಹಾರ ಬಲ್ಲ ವಿಠಲಾಚಾರ್ಯರು ಮದರಾಸಿಗೆ ಹೊರಟರು. ಕನ್ನಡ ಚಿತ್ರರಂಗ ಆರಂಭ ಕಾಲದಲ್ಲಿಯೇ ಕಳೆದುಕೊಂಡ ಪ್ರತಿಭೆಗಳಲ್ಲಿ ಅವರೂ ಒಬ್ಬರಾದರು.

ಕ್ಯಾಮೆರಾದ ಇಂದ್ರಜಾಲ

1959ರ ‘ಜಯ ವಿಜಯ’ದಿಂದ ಮೊದಲ್ಗೊಂಡು ತೆಲುಗಿನಲ್ಲಿ ವಿಠಲಾಚಾರ್ಯರ ಜಾನಪದ ಪರ್ವ ಆರಂಭವಾಯಿತು. 1960ರಲ್ಲಿ ‘ಕನಕದುರ್ಗ ಪೂಜಾ ಮಹಿಮ’, 1963ರಲ್ಲಿ ‘ಬಂದಿಪೋಟು’, 1964ರಲ್ಲಿ ‘ಅಗ್ಗಿ ಪಿಡುಗು’, 1965ರಲ್ಲಿ ‘ಜ್ವಾಲಾದ್ವೀಪ ರಹಸ್ಯಂ’, 1966ರಲ್ಲಿ ‘ಅಗ್ಗಿ ಬರಾಟ’, 1970ರಲ್ಲಿ ‘ಲಕ್ಷ್ಮೀ ಕಟಾಕ್ಷಂ’ - ಹೀಗೆ ಸಾಲು ಸಾಲಾಗಿ ಚಿತ್ರಗಳು ಬಂದವು. ಕತ್ತಿವರಸೆಯ ಕಾಂತರಾವ್ ಮತ್ತು ಎನ್.ಟಿ. ರಾಮರಾವ್ ಅವರ ಚಿತ್ರಗಳ ಪ್ರಮುಖ ನಾಯಕರು. 1970ರಲ್ಲಿಯೇ ಬಂದ ‘ಆಲಿಬಾಬಾ 40 ದೊಂಗಲು’ ಚಿತ್ರದಲ್ಲಿ ರಾಮರಾವ್ ಅವರಿಗೆ ಜೊತೆಯಾದವರು ಜಯಲಲಿತಾ.

ಕನ್ನಡವನ್ನು ಅವರು ಪೂರ್ತಿ ಮರೆಯಲಿಲ್ಲ. ‘ಬಂದಿಪೋಟು’ವಿನ ಜೊತೆಯಲ್ಲಿಯೇ ತಯಾರಾದ ‘ವೀರಕೇಸರಿ’ಯಲ್ಲಿ ರಾಜ್‌ಕುಮಾರ್ ಮತ್ತು ಲೀಲಾವತಿ ಅಭಿನಯಿಸಿದರು. ಹನ್ನೊಂದು ವರ್ಷಗಳ ಹಿಂದೆ ಋಷಿಗಳ ಸಾಲಿನಲ್ಲಿ ನಿಂತಿದ್ದ ನಟ ಈಗ ಅದೇ ನಿರ್ದೇಶಕರ ಚಿತ್ರಕ್ಕೆ ನಾಯಕ. ಈ ಚಿತ್ರಕ್ಕೆ ಘಂಟಸಾಲ ನೀಡಿದ ಸಂಗೀತ, ಅದರಲ್ಲೂ ಪಿ. ಸುಶೀಲಾ ಅವರೊಂದಿಗೆ ಅವರೇ ಹಾಡಿದ ಯುಗಳಗೀತೆ, ಕನ್ನಡಿಗರ ನಾಲಗೆಯ ಮೇಲೆ ಇಂದಿಗೂ ಉಳಿದಿದೆ. ಚಿತ್ರದ ಕಥೆಯನ್ನು ಮರೆತವರೂ ಆ ರಾಗವನ್ನು ಮರೆತಿಲ್ಲ.

ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಇಂಥ ಚಿತ್ರಗಳ ಮಾಯೆ ಮೂಡುತ್ತಿದ್ದ ಬಗೆಯನ್ನು ತಿಳಿದರೆ ಶ್ರಮದ ಅರಿವಾಗುತ್ತದೆ. ಮನುಷ್ಯ ಪ್ರಾಣಿಯಾಗಬೇಕಾದರೆ ಕ್ಯಾಮೆರಾವನ್ನು ಕದಲಿಸದೆ ನಿಲ್ಲಿಸಿ, ನಟನನ್ನು ಸರಿಸಿ, ಅದೇ ಜಾಗದಲ್ಲಿ ಪ್ರಾಣಿಯನ್ನು ನಿಲ್ಲಿಸಿ ಮತ್ತೆ ಚಾಲನೆ ಕೊಡಬೇಕು. ಇತರ ನಟರು ಅಷ್ಟೂ ಹೊತ್ತು ಇದ್ದ ಭಂಗಿಯಲ್ಲಿಯೇ ಇರಬೇಕು. ಉರುಳಿದ ಬಂಡೆ ತಾನಾಗಿ ಮೇಲೇರಬೇಕಾದರೆ ದೃಶ್ಯವನ್ನು ಹಿಂದುಮುಂದಾಗಿ ಚಿತ್ರಿಸಬೇಕು. ಒಬ್ಬನೇ ನಟ ಎರಡು ಪಾತ್ರಗಳಾಗಿ ಎದುರುಬದುರಾಗಬೇಕಾದರೆ ಲೆನ್ಸಿನ ಅರ್ಧ ಭಾಗವನ್ನು ಮುಚ್ಚಿ ಒಂದು ಸಲ ಚಿತ್ರಿಸಿ, ಫಿಲಂ ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಮುಚ್ಚಿ ಮತ್ತೊಮ್ಮೆ ಚಿತ್ರಿಸಬೇಕು. ಒಂದು ಕೂದಲೆಳೆಯಷ್ಟು ತಪ್ಪಿದರೂ ಎಲ್ಲವನ್ನೂ ಮೊದಲಿನಿಂದ ತೆಗೆಯಬೇಕು. ಅವಳಿ ಸೋದರರ ಕಥೆಯಾದ ‘ಅಗ್ಗಿ ಪಿಡುಗು’ವಿನಲ್ಲಿ ರಾಮರಾವ್ ದ್ವಿಪಾತ್ರದಲ್ಲಿ ನಟಿಸಿದ್ದರು.

ಈ ತಂತ್ರಗಳು ಆಚಾರ್ಯರ ಶೋಧನೆಗಳಲ್ಲ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಇವುಗಳನ್ನು ಪ್ರಯೋಗಿಸಿ, 1902ರಲ್ಲಿ ಚಂದ್ರಲೋಕದ ಯಾತ್ರೆಯನ್ನು ತೆರೆಯ ಮೇಲೆ ತೋರಿಸಿದ್ದ. ನಮ್ಮಲ್ಲಿ ದಾದಾಸಾಹೇಬ್ ಫಾಲ್ಕೆ 1919ರ ‘ಕಾಳಿಯ ಮರ್ದನ’ದಲ್ಲಿ ಟ್ರಿಕ್ ಛಾಯಾಗ್ರಹಣ ಮೆರೆದಿದ್ದರು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ವಿಶೇಷ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. ಅದರಲ್ಲಿ ನಟಿಸಿದ ಸಾಬು ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ. 1951ರ ‘ಪಾತಾಳ ಭೈರವಿ’ಯಲ್ಲಿ ಕೆ.ವಿ. ರೆಡ್ಡಿ ಮತ್ತು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ತೆಲುಗಿನ ಮಾಯಾ ಚಿತ್ರಕ್ಕೆ ಎತ್ತರದ ಮಾದರಿಯನ್ನು ಕೊಟ್ಟಿದ್ದರು.

ಆಚಾರ್ಯರ ವೈಶಿಷ್ಟ್ಯ ಬೇರೆಯದು. ದೊಡ್ಡ ಸಂಸ್ಥೆಗಳು ವರ್ಷಗಟ್ಟಲೆ ಶ್ರಮಿಸಿ, ಅಪಾರ ಹಣ ಸುರಿದು ಕಟ್ಟುತ್ತಿದ್ದ ಅದ್ಭುತ ಲೋಕವನ್ನು ಅವರು ಅಲ್ಪ ವೆಚ್ಚದಲ್ಲಿ, ನಿಗದಿಯಾದ ದಿನಗಳಲ್ಲಿ ಕಟ್ಟಿ ತೋರಿಸಿದರು. ಹೋಟೆಲಿನಲ್ಲಿ ಕಲಿತ ಲೆಕ್ಕಾಚಾರ ಇಲ್ಲಿ ಫಲ ಕೊಟ್ಟಿತು. ಅವರ ಶಿಸ್ತಿನ ಬಗ್ಗೆ ಚಿತ್ರರಂಗದಲ್ಲಿ ಒಂದು ದಂತಕಥೆಯೇ ಇದೆ. ಚಿತ್ರೀಕರಣದ ನಡುವೆ ಯಾವುದೇ ನಟ ಕಾಲ್‌ಷೀಟ್ ವಿಷಯದಲ್ಲಿ ತಕರಾರು ಮಾಡಿದರೆ, ಆ ಪಾತ್ರ ಋಷಿಯ ಶಾಪದಿಂದ ಪಶುವಾಗಿಬಿಡುವಂತೆ ಕಥೆ ತಿದ್ದಿ, ನಟನಿಲ್ಲದೆಯೇ ಚಿತ್ರ ಮುಗಿಸುತ್ತಿದ್ದರಂತೆ. ನಿಜವೋ ಉತ್ಪ್ರೇಕ್ಷೆಯೋ, ಆಚಾರ್ಯರ ಸೆಟ್ಟಿನಲ್ಲಿ ಯಾವ ತಾರೆಗೂ ಕಥೆಗಿಂತ ದೊಡ್ಡ ಸ್ಥಾನವಿರಲಿಲ್ಲವೆಂಬುದನ್ನು ಈ ಮಾತು ಸೂಚಿಸುತ್ತದೆ.

ಒಂದು ಚಿತ್ರ, ಎರಡು ತೀರ್ಪು

ವಿಠಲಾಚಾರ್ಯರ ಚಿತ್ರಗಳನ್ನು ಒಪ್ಪದವರ ಆಕ್ಷೇಪಗಳು ಹಗುರವಾದವುಗಳಲ್ಲ. ಕಥೆ ಅದದೇ, ಪಾತ್ರಗಳು ಅವವೇ ಎಂಬುದು ಮೊದಲನೆಯದು. ಆತುರದ ತಯಾರಿಕೆಯಿಂದ ಟ್ರಿಕ್ಕುಗಳ ಹೊಲಿಗೆ ಕಣ್ಣಿಗೆ ಕಾಣುತ್ತದೆಂಬುದು ಎರಡನೆಯದು. ಅಕ್ಷರ ಪ್ರಸಾರಕ್ಕೂ ವೈಚಾರಿಕತೆಗೂ ದೇಶ ಶ್ರಮಿಸುತ್ತಿದ್ದಾಗ ಮಾಟ, ಮಂತ್ರ, ದೆವ್ವಗಳನ್ನು ಪ್ರಚುರಪಡಿಸುವುದು ಸರಿಯೇ ಎಂಬುದು ಮೂರನೆಯದು. ಸ್ತ್ರೀಯರ ಮೈಮಾಟದ ಪ್ರದರ್ಶನ ಮಕ್ಕಳ ಜೊತೆ ಕುಳಿತು ನೋಡುವಂಥದಲ್ಲ ಎಂಬುದು ನಾಲ್ಕನೆಯದು.

ಈ ಆಕ್ಷೇಪಗಳ ಹಿಂದೆ ಒಂದು ಸಾಹಿತ್ಯಿಕ ಅಭಿರುಚಿಯೂ ಇತ್ತು. ವಿಶೇಷವೆಂದರೆ ಆ ಅಭಿರುಚಿಯನ್ನು ರೂಪಿಸಿದವರಲ್ಲಿ ಹಾಸನ ಸೀಮೆಯ ನಂಟಿನವರೇ ಇದ್ದರು. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರು 1940ರ ದಶಕದಲ್ಲಿ ಪ್ರಗತಿಶೀಲ ಚಳವಳಿಯ ಮುಂದಾಳಾಗಿ, ಬದುಕಿನ ಕಟುವಾಸ್ತವವನ್ನು ಕಾದಂಬರಿಗಳಲ್ಲಿ ತೆರೆದಿಟ್ಟರು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ತೆರೆಗೆ ತಂದಾಗ ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ದೇಶದ ಮನ್ನಣೆ ದೊರೆಯಿತು. ಒಂದು ಜಿಲ್ಲೆ ಒಂದೇ ಕಾಲಮಾನದಲ್ಲಿ ವಾಸ್ತವವಾದಿ ಕಾದಂಬರಿಗಳ ಓದುಗರನ್ನೂ ಮಾಯಾ ಚಿತ್ರಗಳ ನೋಡುಗರನ್ನೂ ಬೆಳೆಸಿತು. ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಇಬ್ಬರೂ ಇದ್ದಿರಬಹುದು.

ಚಿತ್ರಗಳನ್ನು ಮೆಚ್ಚಿದವರ ವಾದಕ್ಕೆ ಲೇಖನಗಳ ಬೆಂಬಲ ಕಡಿಮೆ. ನೆಲದ ಟಿಕೆಟ್ಟಿನವರು ವಿಮರ್ಶೆ ಬರೆಯುವುದಿಲ್ಲ, ಮತ್ತೊಮ್ಮೆ ಟಿಕೆಟ್ ಕೊಳ್ಳುತ್ತಾರೆ ಅಷ್ಟೆ. ಆದರೂ ಅವರ ಪರವಾಗಿ ಹೇಳಬೇಕಾದ ಮಾತುಗಳಿವೆ. ದಿನವಿಡೀ ದುಡಿದವನು ಸಂಜೆ ಹಣ ಕೊಟ್ಟು ತನ್ನದೇ ಬಡತನವನ್ನು ನೋಡಬಯಸದಿದ್ದರೆ ಅದನ್ನು ಅಜ್ಞಾನವೆನ್ನಲಾಗದು. ಮಂತ್ರವಾದಿಯ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದೆಯೆಂಬ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಯಾವ ಮಗುವೂ ಬುದ್ಧಿಗೆಟ್ಟಿಲ್ಲ. ಆ ಕಥೆಗಳಲ್ಲಿ ದುಷ್ಟ ಮಂತ್ರವಾದಿ ಎಷ್ಟು ಬಲಶಾಲಿಯಾಗಿದ್ದರೂ ಕೊನೆಗೆ ಸೋಲುತ್ತಾನೆ, ಎಲ್ಲರೂ ಕಡೆಗಣಿಸಿದ ಸಾಮಾನ್ಯನೊಬ್ಬ ಗೆಲ್ಲುತ್ತಾನೆ. ನೆಲದ ಮೇಲೆ ಕುಳಿತವನಿಗೆ ಈ ನ್ಯಾಯ ತೆರೆಯ ಮೇಲಾದರೂ ಸಿಗುತ್ತಿತ್ತು.

ಅದ್ಭುತ ಕಥೆಯ ಚಿತ್ರಗಳ ಬಗ್ಗೆ ಇಂಥ ಭಿನ್ನಾಭಿಪ್ರಾಯ ನಮ್ಮ ದೇಶಕ್ಕೆ ಸೀಮಿತವಾದದ್ದಲ್ಲ. ವಾಲ್ಟ್ ಡಿಸ್ನಿ 1937ರಲ್ಲಿ ‘ಸ್ನೋ ವೈಟ್’ ಕಥೆಯನ್ನು ಹಾಡುಗಳಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿ ತಯಾರಿಸುತ್ತಿದ್ದಾಗ ಹಾಲಿವುಡ್ ಅದನ್ನು ಡಿಸ್ನಿಯ ಹುಚ್ಚಾಟವೆಂದು ಗೇಲಿ ಮಾಡಿತ್ತು. ಚಿತ್ರ ಬಿಡುಗಡೆಯಾದ ಮೇಲೆ ಜನ ಮುಗಿಬಿದ್ದರು. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಮಾತ್ರ ಇದರಲ್ಲಿನ ಮಾಟಗಾತಿ ಮಕ್ಕಳನ್ನು ಹೆದರಿಸುವಳೆಂದು ಶಂಕಿಸಿ, ಹಿರಿಯರೊಡನೆ ಬಂದರಷ್ಟೇ ಮಕ್ಕಳಿಗೆ ಪ್ರವೇಶವೆಂದು ಪ್ರಮಾಣಪತ್ರ ಕೊಟ್ಟಿತು. ಒಬ್ಬರಿಗೆ ಶುದ್ಧ ಆನಂದವೆನಿಸಿದ ಚಿತ್ರವೇ ಇನ್ನೊಬ್ಬರಿಗೆ ಅಪಾಯವೆನಿಸಿತು. ಡಿಸ್ನಿಯ ಹಿಂದೆ ನೂರಾರು ಕಲಾವಿದರೂ ಅಪಾರ ಬಂಡವಾಳವೂ ಇದ್ದವು. ಆಚಾರ್ಯರ ಹಿಂದೆ ಇದ್ದದ್ದು ಬಾಡಿಗೆಯ ಸ್ಟುಡಿಯೋ ಮತ್ತು ಕಟ್ಟುನಿಟ್ಟಿನ ಲೆಕ್ಕದ ಪುಸ್ತಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಪ್ರೇಕ್ಷಕನ ಕಣ್ಣಲ್ಲಿ ಮೂಡುವ ಬೆರಗು ಎರಡು ಕಡೆಯೂ ಒಂದೇ ಬಗೆಯದು.

ಕೊನೆಯ ಗೆಲುವು

1970ರ ದಶಕದ ಹೊತ್ತಿಗೆ ತೆಲುಗಿನಲ್ಲಿಯೂ ಸಾಮಾಜಿಕ, ಸಾಹಸ ಚಿತ್ರಗಳ ಅಲೆಯೆದ್ದು ಜಾನಪದ ಚಿತ್ರಗಳ ಕಾಲ ಮುಗಿಯಿತೆಂಬ ಮಾತು ಕೇಳಿಬಂತು. ದೊಡ್ಡ ನಾಯಕರು ದೊರೆಯುವುದು ಕಷ್ಟವಾಯಿತು. ಆಗ ಆಚಾರ್ಯರು 1978ರಲ್ಲಿ, ತಾವು ಹಿಂದೆ ಪಾಲುದಾರರಾಗಿದ್ದ ಸಂಸ್ಥೆಯ ಕನ್ನಡ ಚಿತ್ರದ ಹೆಸರನ್ನೇ ಇಟ್ಟು ತ���ಲುಗಿನಲ್ಲಿ ‘ಜಗನ್ಮೋಹಿನಿ’ ತೆಗೆದರು. ನರಸಿಂಹರಾಜು ಮತ್ತು ಜಯಮಾಲಿನಿ ಮುಖ್ಯ ಪಾತ್ರಧಾರಿಗಳು. ಮಹಾತಾರೆಯರಿಲ್ಲದ ಈ ಚಿತ್ರ ಭಾರೀ ಯಶಸ್ಸು ಗಳಿಸಿತು. ಸೌದೆಯ ಬದಲು ತನ್ನ ಕಾಲನ್ನೇ ಒಲೆಗೆ ಒಡ್ಡಿ ಅಡುಗೆ ಮಾಡುವ ದೆವ್ವದ ದೃಶ್ಯ ಅಂದಿನ ಮಕ್ಕಳನ್ನು ಹೆದರಿಸಿತು, ನಗಿಸಿತು, ಬಹುಕಾಲ ಕಾಡಿತು. ನಮ್ಮ ಹಳ್ಳಿಗಳ ದೆವ್ವದ ಕಥೆಗಳನ್ನು ಕೇಳಿದವರಿಗೆ ಈ ಚಿತ್ರ ಅಪರಿಚಿತವೆನಿಸದು. ತಮಿಳಿನಲ್ಲಿ ಇದು 2009ರಲ್ಲಿ ಮರುನಿರ್ಮಾಣವಾಯಿತು.

1979ರ ‘ಗಂಧರ್ವ ಕನ್ಯ’, 1980ರ ‘ಮದನ ಮಂಜರಿ’ ಮುಂತಾಗಿ ಆ ಬಳಿಕವೂ ಅವರು ಇದೇ ಹಾದಿಯಲ್ಲಿ ಮುಂದುವರಿದರು. ಕಿರುತೆರೆ ಮನೆಮನೆಗೆ ಬಂದು ಟೂರಿಂಗ್ ಟಾಕೀಸುಗಳು ಒಂದೊಂದಾಗಿ ಕಣ್ಮುಚ್ಚಿದಂತೆ ಅವರ ಚಿತ್ರಗಳ ಸಹಜ ನೆಲೆಯೂ ಕುಗ್ಗಿತು. 1995ರಲ್ಲಿ ‘ಅಮ್ಮೋರು’ ಗೆದ್ದಾಗ ದೇವಿ, ಕ್ಷುದ್ರಶಕ್ತಿಗಳ ಹೋರಾಟ ಕಂಪ್ಯೂಟರ್ ಗ್ರಾಫಿಕ್ಸಿನ ಕೈಗೆ ಹೋಗಿತ್ತು. ವಿಠಲಾಚಾರ್ಯರು 1999ರ ಮೇ 28ರಂದು ನಿಧನರಾದರು.

ಅನಂತರದ ವರ್ಷಗಳಲ್ಲಿ ದೇಶದ ಚಿತ್ರರಂಗ ಅದ್ಭುತ ಕಥೆಗಳತ್ತ ಮತ್ತೆ ತಿರುಗಿತು. 2015ರ ‘ಬಾಹುಬಲಿ’ ಪ್ರಾಚೀನ ರಾಜ್ಯವೊಂದರ ಕಲ್ಪಿತ ಕಥೆಯನ್ನು ನೂರಾರು ಕೋಟಿಯ ವ್ಯವಹಾರವಾಗಿಸಿತು. 2025ರಲ್ಲಿ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರವನ್ನು ಮಕ್ಕಳು, ಹಿರಿಯರೆನ್ನದೆ ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. ಮಾಯಾ ಚಿತ್ರವೆಂದರೆ ಕೀಳೆಂಬ ಭಾವನೆ ಇಂದು ನಗರಗಳಲ್ಲಿಯೂ ಸಡಿಲವಾಗಿದೆ. ತಂತ್ರಜ್ಞಾನ ದುಬಾರಿಯಾದ ಮೇಲೆ ಅದೇ ಕಥೆಗಳಿಗೆ ಗೌರವ ಬಂದಿದೆ ಎಂದರೆ ತಪ್ಪಾಗಲಾರದು. ಹಾಗಾದರೆ ಹಿಂದೆ ತಿರಸ್ಕಾರಕ್ಕೆ ಗುರಿಯಾದದ್ದು ಕಥೆಯೋ ಅಥವಾ ಅದನ್ನು ನೆಲದ ಮೇಲೆ ಕುಳಿತು ನೋಡುತ್ತಿದ್ದ ಪ್ರೇಕ್ಷಕನೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.

ವಿಠಲಾಚಾರ್ಯರ ಎಲ್ಲ ಚಿತ್ರಗಳೂ ಶ್ರೇಷ್ಠವೆಂದು ಅವರ ಅಭಿಮಾನಿಗಳೂ ವಾದಿಸಲಾರರು. ಅವಸರ, ಪುನರಾವರ್ತನೆ, ಅಗ್ಗದ ಆಕರ್ಷಣೆಗಳ ಆರೋಪದಿಂದ ಅವರನ್ನು ಪೂರ್ತಿ ಮುಕ್ತಗೊಳಿಸಲು ಸಾಧ್ಯವಿಲ್ಲ. ಆದರೆ ಮೂರನೆಯ ತರಗತಿ ಓದಿದ ಹೋಟೆಲ್ ಹುಡುಗನೊಬ್ಬ ಹಾಸನ ಜಿಲ್ಲೆಯ ಡೇರೆಗಳಲ್ಲಿ ತನ್ನ ಪ್ರೇಕ್ಷಕರನ್ನು ಅರಿತುಕೊಂಡ, ಅವರನ್ನು ಎಂದೂ ಕೀಳಾಗಿ ಕಾಣಲಿಲ್ಲ, ಅವರ ಅಜ್ಜಿಯರ ಕಥೆಗಳನ್ನು ಅವರಿಗೇ ಬೆಳ್ಳಿತೆರೆಯ ಮೇಲೆ ಮರಳಿಸಿದ. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಅವರ ಹೆಸರನ್ನು ತೆಲುಗಿನವರೆಂದು ಬದಿಗಿಡುವುದಾಗಲಿ, ಟ್ರಿಕ್ ಚಿತ್ರಗಳವರೆಂದು ನಕ್ಕು ಮುಂದೆ ಸಾಗುವುದಾಗಲಿ ನ್ಯಾಯವಲ್ಲ. ಮಹಾತ್ಮ ಪಿಕ್ಚರ್ಸಿನ ದಿನಗಳಿಂದ ‘ವೀರಕೇಸರಿ’ಯವರೆಗೆ ಅವರು ಕನ್ನಡಕ್ಕೆ ಸಲ್ಲಿಸಿದ್ದನ್ನು ಲೆಕ್ಕ ಹಾಕಿದರೂ ನಮ್ಮ ಕೃತಜ್ಞತೆಗೆ ಸಾಕಷ್ಟು ಕಾರಣಗಳು ಸಿಗುತ್ತವೆ.